ಶುಗರ್ ಇರುವ ಅತ್ತೆ ಏಕಾದಶಿ ಬಿಡಲ್ಲ ಅಂತಾರೆ, ಏನು ಮಾಡಿಕೊಡಲಿ?

ಪ್ರಶ್ನೆ (ಮೈಸೂರಿನ ಸದಸ್ಯೆ):
ಮೇಡಂ, ನಮಸ್ಕಾರ. ನಮ್ಮ ಅತ್ತೆಗೆ 64 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ನುಂಗುತ್ತಾರೆ. ಒಂದು ಏಕಾದಶಿಯನ್ನೂ ತಪ್ಪಿಸುವುದಿಲ್ಲ. ನಮ್ಮ ಮನೆಯಲ್ಲಿ ನಿರಾಹಾರ ಇಲ್ಲ, ಫಲಾಹಾರ ನಡೆಯುತ್ತದೆ. ಬೆಳಿಗ್ಗೆ ಒಂದು ಲೋಟ ಹಾಲು. ಮಧ್ಯಾಹ್ನ ಎರಡು ಗಂಟೆಗೆ ಸಬ್ಬಕ್ಕಿ ಕಿಚಡಿ. ರಾತ್ರಿ ಬಾಳೆಹಣ್ಣು, ಸಬ್ಬಕ್ಕಿ ಪಾಯಸ. ಹೋದ ಸಲ ಪೂಜೆ ತಡವಾಗಿ, ಊಟಕ್ಕೆ ಮುಂಚೆಯೇ ಕೈ ನಡುಗಿ ಬೆವರಿ ಕೂತುಬಿಟ್ಟರು. ಬೆಲ್ಲ ಕೊಟ್ಟ ಮೇಲೆ ಸುಧಾರಿಸಿದರು. ರಾತ್ರಿ ನೋಡಿದರೆ ಶುಗರ್ 260! ಉಪವಾಸ ಬಿಡಿ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ದಾರಿ ಹೇಳಿ.

ಉತ್ತರ (ಆಹಾರ ತಜ್ಞೆ):
ಅಡಿಗೆಗಿಂತ ಮೊದಲು ಮಾತ್ರೆಯ ವಿಷಯ. ನಡುಕ, ಬೆವರು ಎರಡೂ ಶುಗರ್ ಇಳಿದ ಲಕ್ಷಣ. ಗ್ಲಿಮೆಪಿರೈಡ್ ತರಹದ ಮಾತ್ರೆ ನೀವು ಉಂಡರೂ ಉಣ್ಣದಿದ್ದರೂ ತನ್ನ ಕೆಲಸ ಮಾಡುತ್ತದೆ. ಬರೀ ಮೆಟ್‌ಫಾರ್ಮಿನ್ ಆದರೆ ಆ ಭಯ ಕಡಿಮೆ. ಮುಂದಿನ ಏಕಾದಶಿಗೆ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ, ಉಪವಾಸದ ದಿನ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ನೀವಾಗಿ ನಿಲ್ಲಿಸಬೇಡಿ. ಡಾಕ್ಟರು ಉಪವಾಸವೇ ಬೇಡ ಅಂದರೆ ಬೇಡ.

ಶುಗರ್ 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆವತ್ತಿನ ಉಪವಾಸ ಅಲ್ಲಿಗೆ ಸಾಕು. ವ್ರತ ಕೆಡಿಸದ ಎಂಟರಲ್ಲಿ ನೀರು, ಗೆಡ್ಡೆ, ಹಣ್ಣು, ಹಾಲಿನ ಜೊತೆಗೆ ಔಷಧವನ್ನೂ ಎಣಿಸಿದ ಶ್ಲೋಕವೇ ಇದೆ. ಇದನ್ನು ನಿಮ್ಮ ಪುರೋಹಿತರ ಬಾಯಲ್ಲಿ ಹೇಳಿಸಿ. ಅತ್ತೆಯವರಿಗೆ ನನ್ನ ಮಾತಿಗಿಂತ ಅದು ಬೇಗ ನಾಟುತ್ತದೆ.

ಇನ್ನು ಸಬ್ಬಕ್ಕಿ. ಹೆಸರಲ್ಲಿ ಅಕ್ಕಿ ಇದ್ದರೂ ಅದು ಧಾನ್ಯ ಅಲ್ಲ. ಮರಗೆಣಸನ್ನು ಅರೆದು, ಹಾಲು ಹಿಂಡಿ, ತಳದಲ್ಲಿ ಕೂತ ಹಿಟ್ಟನ್ನು ಕಾಳು ಕಟ್ಟಿ ಒಣಗಿಸಿದ್ದು. ತಮಿಳುನಾಡಿನ ಸೇಲಂ ಕಡೆ ತುಂಬಾ ತಯಾರಾಗುತ್ತದೆ. ಧಾನ್ಯ ಅಲ್ಲ ಅಂತಲೇ ಏಕಾದಶಿಗೆ ನಡೆಯುತ್ತದೆ. ಆದರೆ ಅದು ಬರೀ ಗಂಜಿ. 100 ಗ್ರಾಂ ಸಬ್ಬಕ್ಕಿಯಲ್ಲಿ 1 ಗ್ರಾಂ ಪ್ರೋಟೀನೂ ಇಲ್ಲ, ನಾರಂತೂ ಇಲ್ಲವೇ ಇಲ್ಲ ಅನ್ನಬೇಕು. ಅದಕ್ಕೆ ಆಲೂಗಡ್ಡೆ, ಆಮೇಲೆ ಪಾಯಸ. 260 ಬಂದಿದ್ದು ಆಶ್ಚರ್ಯ ಅಲ್ಲ.

ಹಾಗಂತ ಕಿಚಡಿ ಬಿಡಿಸಬೇಡಿ, ಅಳತೆ ಬದಲಾಯಿಸಿ. ಸಬ್ಬಕ್ಕಿ ಅರ್ಧ ಮಾಡಿ. ಹುರಿದ ಕಡಲೆಕಾಯಿ ಬೀಜದ ತರಿ ಒಂದು ಹಿಡಿ ಹಾಕಿ. ಅಷ್ಟರಲ್ಲೇ ಆರೇಳು ಗ್ರಾಂ ಪ್ರೋಟೀನ್ ಸಿಗುತ್ತದೆ. ಆಲೂಗಡ್ಡೆ ಬದಲು ಸೌತೆಕಾಯಿ ಹೆಚ್ಚಿ ಮೊಸರಿಗೆ ಹಾಕಿ ಪಕ್ಕಕ್ಕೆ ಕೊಡಿ. ಎರಡು ಗಂಟೆವರೆಗೆ ಕಾಯಿಸದೆ ಹನ್ನೊಂದಕ್ಕೆ ಒಂದು ಸೀಬೆಹಣ್ಣು, ನಾಲ್ಕು ಬಾದಾಮಿ. ನಾಲ್ಕು ಗಂಟೆಗೆ ಮಜ್ಜಿಗೆ. ರಾತ್ರಿ ಪಾಯಸ ಬೇಡ, ರಾಜಗಿರಿ ಹಿಟ್ಟಿನ ಒಂದು ರೊಟ್ಟಿ ತಟ್ಟಿಕೊಡಿ. ಅದು ದಂಟಿನ ಜಾತಿಯ ಬೀಜ, ಭತ್ತ ಗೋಧಿಯ ಬಳಗ ಅಲ್ಲ. ಹಿಟ್ಟು ಸುಮ್ನೆ ಬಿರಿಯುತ್ತದೆ, ಬಿಸಿನೀರಲ್ಲಿ ಕಲಸಿ ಬಾಳೆ ಎಲೆ ಮೇಲೆ ತಟ್ಟಿ.

ಪ್ರಶ್ನೆ (ಧಾರವಾಡದ ಸದಸ್ಯೆ):
ಮೇಡಂ, ನಾವು ಸಾಬೂದಾಣಿ ಅಂತೀವ್ರಿ. ನಾ ಮಾಡಿದ ಕಿಚಡಿ ಪ್ರತಿ ಸಲ ಅಂಟಂಟು ಮುದ್ದೆ ಆಗ್ತದ. ಶೇಂಗಾ ಪುಡಿ ಹಾಕಿದರೂ ಅಷ್ಟೇ.

ಉತ್ತರ:
ತಪ್ಪು ಒಲೆ ಮೇಲಲ್ಲ, ನೆನೆಸುವಾಗಲೇ ಆಗಿರುತ್ತದೆ. ಮೊದಲು ತೊಳೆದ ನೀರು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಅದು ತಿಳಿ ಆಗುವ ತನಕ ಮೂರು ನಾಲ್ಕು ಸಲ ತೊಳೆಯಿರಿ. ಆಮೇಲೆ ನೀರು ಕಾಳಿನ ಮಟ್ಟಕ್ಕೆ ಮಾತ್ರ, ಮುಳುಗಿಸಬೇಡಿ. ನಾಲ್ಕೈದು ಗಂಟೆ ಬಿಡಿ. ನಮ್ಮ ಅಜ್ಜಿ ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡುತ್ತಿದ್ದರು. ನಡುವೆ ಗಟ್ಟಿ ಸಿಗದೆ ಪುಡಿಪುಡಿ ಆದರೆ ಹದ ಬಂತು. ಮಿಕ್ಕ ನೀರನ್ನು ಜರಡಿಯಲ್ಲಿ ಬಸಿದು, ಶೇಂಗಾ ಪುಡಿ, ಸೈಂಧವ ಉಪ್ಪು ಆಗಲೇ ಕಲಸಿಟ್ಟುಕೊಳ್ಳಿ. ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಸಣ್ಣ ಉರಿಯಲ್ಲಿ ಮಗುಚಿ. ಕಾಳು ಗಾಜಿನ ಮಣಿ ತರಹ ಕಂಡ ಕೂಡಲೇ ಇಳಿಸಿ. ಇನ್ನೊಂದು ನಿಮಿಷ ಬಿಟ್ಟರೂ ಮುದ್ದೆಯೇ.

ಪ್ರಶ್ನೆ (ಬೆಂಗಳೂರಿನ ಸದಸ್ಯ):
ನಾನು ಶನಿವಾರ ಒಪ್ಪೊತ್ತು ಮಾಡುತ್ತೇನೆ. ರಾತ್ರಿ ಅವಲಕ್ಕಿ ತಿನ್ನುತ್ತೇನೆ. ಅದೂ ಅಕ್ಕಿಯೇ ಅಲ್ವಾ? ಏಕಾದಶಿಗೂ ನಡೆಯುತ್ತಾ?

ಉತ್ತರ:
ಒಪ್ಪೊತ್ತಿನಲ್ಲಿ ಬಿಡುವುದು ಎರಡನೇ ಹೊತ್ತಿನ ಅನ್ನ, ಅಂದರೆ ಮುಸುರೆ. ಅದಕ್ಕೇ ಅವಲಕ್ಕಿ, ಉಪ್ಪಿಟ್ಟು ನಡೆಯುತ್ತದೆ. ಏಕಾದಶಿಯಲ್ಲಿ ಧಾನ್ಯವನ್ನೇ ಬಿಡುವವರು ಅವಲಕ್ಕಿಯನ್ನೂ ಮುಟ್ಟುವುದಿಲ್ಲ. ಕೆಲವು ಮನೆಗಳಲ್ಲಿ ತಿನ್ನುವುದೂ ಉಂಟು. ಇದು ನಾನು ತೀರ್ಮಾನ ಮಾಡುವ ವಿಷಯ ಅಲ್ಲ, ನಿಮ್ಮ ಮನೆ ಹಿರಿಯರನ್ನು ಕೇಳಿ. ನನ್ನ ಕಡೆಯಿಂದ ಒಂದೇ ಮಾತು: ಅವಲಕ್ಕಿಗೆ ಕಡಲೆಕಾಯಿ ಬೀಜ, ಒಂದು ಬಟ್ಟಲು ಮೊಸರು ಇರಲಿ.

ಪ್ರಶ್ನೆ (ಮೈಸೂರಿನ ಸದಸ್ಯೆ):
ತುಂಬಾ ಥ್ಯಾಂಕ್ಸ್ ಮೇಡಂ. ದ್ವಾದಶಿ ಬೆಳಿಗ್ಗೆ ಪಾರಣೆಗೆ ನಾವು ಪಾಯಸ, ಆಂಬೊಡೆ ಎಲ್ಲ ಮಾಡುತ್ತೇವೆ. ಪರವಾಗಿಲ್ವಾ?

ಉತ್ತರ:
ನೈವೇದ್ಯಕ್ಕೆ ಮಾಡಿ, ಅತ್ತೆಯವರಿಗೆ ಪಾಯಸ ಒಂದು ಚಮಚ ಪ್ರಸಾದ ಅಂತ ಬಡಿಸಿ. ಪಾರಣೆಯ ಹಳೇ ಅಡಿಗೆ ತುಂಬಾ ಚೆನ್ನಾಗಿದೆ: ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಹೆಸರುಬೇಳೆ ತೊವ್ವೆ, ಸ್ವಲ್ಪ ಅನ್ನ. ಖಾಲಿ ಹೊಟ್ಟೆಗೆ ಇದಕ್ಕಿಂತ ಹಗುರ ಬೇಕಾ? ಅಂಗಡಿಯಲ್ಲಿ ಕೇಳುವಾಗ ಅಗಸೆ ಮರದ ಸೊಪ್ಪು ಅಂತ ಕೇಳಿ. ಅಗಸೆ ಬೀಜ ಬರುವ ಗಿಡವೇ ಬೇರೆ. ದ್ವಾದಶಿ ಭಾನುವಾರ ಬಂದರೆ ನೆಲ್ಲಿಕಾಯಿ ಬೇಡ ಅನ್ನುತ್ತಾರೇನೋ, ಮೊದಲೇ ಅತ್ತೆಯವರನ್ನು ಕೇಳಿಬಿಡಿ. ಎಲೆ ಮುಂದೆ ಕೂರುವ ಮೊದಲು ಒಂದು ಸಲ ಶುಗರ್ ನೋಡಿ, ಡಾಕ್ಟರ ಚೀಟಿ ಪ್ರಕಾರ ಮಾತ್ರೆ ಕೊಡಿ.