ಪಿಜನ್ ಪಾಯಿಂಟ್ ದೀಪಸ್ತಂಭವನ್ನು ಒಕ್ಕೂಟ ಸರ್ಕಾರ ರಾಜ್ಯಕ್ಕೆ ಬಿಟ್ಟುಕೊಟ್ಟದ್ದು ಸಂರಕ್ಷಣೆಗೋ, ಕೈತೊಳೆದುಕೊಳ್ಳುವುದಕ್ಕೋ?

ಕಡಲತಡಿ (ಪ್ರಶ್ನೆ):

ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 50 ಮೈಲಿ ದಕ್ಷಿಣಕ್ಕೆ, ಒಂದನೇ ನಂಬರಿನ ಹೆದ್ದಾರಿಯ ಪಕ್ಕದಲ್ಲಿರುವ ಪಿಜನ್ ಪಾಯಿಂಟ್ ದೀಪಸ್ತಂಭವನ್ನು ಬೇ ಏರಿಯಾದಲ್ಲಿರುವ ನಮ್ಮವರಲ್ಲಿ ಅನೇಕರು ನೋಡಿರುತ್ತೀರಿ. ಊರಿನಿಂದ ಬಂದಿದ್ದ ತಂದೆ-ತಾಯಿಯನ್ನು 2023ರಲ್ಲಿ ಅಲ್ಲಿಗೆ ಕರೆದೊಯ್ದಿದ್ದೆ. 115 ಅಡಿ ಎತ್ತರದ ಬಿಳಿಯ ಗೋಪುರದ ಸುತ್ತ ಬೇಲಿ ಹಾಕಲಾಗಿತ್ತು. ಹತ್ತಿರ ಹೋಗಬಾರದೆಂಬ ಫಲಕವಿತ್ತು. ಬೇಲಿಯ ಹೊರಗಿನಿಂದಲೇ ತಲೆಯೆತ್ತಿ ನೋಡಿದಾಗ ಮೇಲಿನ ಕಬ್ಬಿಣದ ಪಟ್ಟಿಯಿಂದ ಇಳಿದ ತುಕ್ಕಿನ ಕಂದು ಗೆರೆಗಳು ಬಿಳಿಯ ಗೋಡೆಯ ಮೇಲೆ ಕಾಣುತ್ತಿದ್ದವು. ಕಾಪುವಿನ ದೀಪಸ್ತಂಭವನ್ನು ಹತ್ತಿ ಸಮುದ್ರ ನೋಡಿ ಬೆಳೆದ ನನ್ನ ತಂದೆ, "ಇಷ್ಟು ಶ್ರೀಮಂತ ದೇಶಕ್ಕೆ ಇದೊಂದನ್ನು ರಿಪೇರಿ ಮಾಡಿಸಲು ಆಗಲಿಲ್ಲವೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ತಿಳಿದುಬಂದ ಸಂಗತಿಯೆಂದರೆ, 2001ರ ಡಿಸೆಂಬರಿನಲ್ಲಿ ಮೇಲಿನ ಅಂಚಿನ ಭಾಗ ಕಳಚಿ ಕೆಳಗೆ ಬಿದ್ದ ಮೇಲೆ ಗೋಪುರವನ್ನು ಮುಚ್ಚಲಾಯಿತು, ಅದು ಒಕ್ಕೂಟ ಸರ್ಕಾರದ ಕೋಸ್ಟ್ ಗಾರ್ಡಿನ ಆಸ್ತಿಯಾಗಿತ್ತು, 2005ರಲ್ಲಿ ಅದನ್ನು ಕ್ಯಾಲಿಫೋರ್ನಿಯಾ ರಾಜ್ಯದ ಉದ್ಯಾನ ಇಲಾಖೆಗೆ ಹಸ್ತಾಂತರಿಸಲಾಯಿತು. ನನ್ನ ಪ್ರಶ್ನೆ ಇದು: ಕಟ್ಟಡ ಶಿಥಿಲವಾಗಿ ಬೀಳತೊಡಗಿದ ಮೇಲೆ ಅದನ್ನು ರಾಜ್ಯಕ್ಕೆ ಕೊಡುವುದನ್ನು ಸಂರಕ್ಷಣೆ ಎಂದು ಹೇಗೆ ಕರೆಯುವುದು?

ದಸ್ತಾವೇಜು (ಉತ್ತರ):

ಇದಕ್ಕೆ ಆಧಾರವಾಗಿರುವುದು 2000ದ ಐತಿಹಾಸಿಕ ದೀಪಸ್ತಂಭ ಸಂರಕ್ಷಣಾ ಕಾಯಿದೆ. ಯಾವ ದೀಪಸ್ತಂಭ ತನಗೆ ಇನ್ನು ಬೇಡವೆಂದು ಕೋಸ್ಟ್ ಗಾರ್ಡ್ ತೀರ್ಮಾನಿಸುತ್ತದೆಯೋ ಅದನ್ನು ಒಕ್ಕೂಟದ ಆಸ್ತಿ ನಿರ್ವಹಣಾ ಇಲಾಖೆ ಪ್ರಕಟಿಸುತ್ತದೆ. ಒಕ್ಕೂಟದ ಬೇರೆ ಇಲಾಖೆಗಳು, ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಅರ್ಜಿ ಹಾಕಬಹುದು. ಕಟ್ಟಡವನ್ನು ಹೇಗೆ ಉಳಿಸುತ್ತೀರಿ, ಹಣ ಎಲ್ಲಿಂದ ತರುತ್ತೀರಿ, ಜನರಿಗೆ ಹೇಗೆ ತೆರೆದಿಡುತ್ತೀರಿ ಎಂಬ ಪ್ರಶ್ನೆಗಳಿಗೆ ಅರ್ಜಿದಾರರು ಕೊಟ್ಟ ಉತ್ತರಗಳನ್ನು ರಾಷ್ಟ್ರೀಯ ಉದ್ಯಾನ ಸೇವೆ ಪರಿಶೀಲಿಸುತ್ತದೆ. ಆಯ್ಕೆಯಾದವರಿಗೆ ಆಸ್ತಿ ಉಚಿತವಾಗಿ ಸಿಗುತ್ತದೆ. ಯೋಗ್ಯರು ಯಾರೂ ಮುಂದೆ ಬಾರದಿದ್ದರೆ ಹರಾಜಿಗೆ ಹೋಗುತ್ತದೆ.

ಮುಖ್ಯವಾದದ್ದು ಬರೆದುಕೊಡುವ ಪತ್ರದಲ್ಲಿದೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಕ್ರಯಪತ್ರಕ್ಕಿಂತ ಹಕ್ಕುಬಿಡುಗಡೆ ಪತ್ರಕ್ಕೆ ಹತ್ತಿರವಾದದ್ದು, ಆದರೆ ಷರತ್ತುಗಳಿಂದ ತುಂಬಿದ್ದು. ಒಕ್ಕೂಟದ ಸಂರಕ್ಷಣಾ ಮಾನದಂಡಗಳಿಗೆ ಅನುಗುಣವಾಗಿಯೇ ದುರಸ್ತಿ ಮಾಡಬೇಕು, ಶಿಕ್ಷಣ, ಉದ್ಯಾನ, ವಿಹಾರ, ಸಂಸ್ಕೃತಿ ಅಥವಾ ಸಂರಕ್ಷಣೆಯ ಉದ್ದೇಶಕ್ಕೆ ಸಾರ್ವಜನಿಕರಿಗೆ ಪ್ರವೇಶ ಇರಬೇಕು, ಒಪ್ಪಿಗೆಯಿಲ್ಲದೆ ಮಾರಬಾರದು, ಹಡಗುಗಳಿಗಾಗಿ ಉರಿಯುವ ದೀಪವನ್ನು ನೋಡಿಕೊಳ್ಳಲು ಕೋಸ್ಟ್ ಗಾರ್ಡ್ ಯಾವಾಗ ಬಂದರೂ ಒಳಗೆ ಬಿಡಬೇಕು. ಷರತ್ತು ಮುರಿದರೆ ಆಸ್ತಿ ಒಕ್ಕೂಟಕ್ಕೆ ಮರಳಬಹುದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತೇವೆ. ಇಲ್ಲಿ ಹಸುವನ್ನು ದಾನ ಕೊಟ್ಟವರೇ ಬಂದು ಹಲ್ಲು ಎಣಿಸುವ ಹಕ್ಕನ್ನು ಉಳಿಸಿಕೊಂಡಿದ್ದಾರೆ. ಆದ್ದರಿಂದ "ಕೈತೊಳೆದುಕೊಂಡರು" ಎಂಬ ಮಾತು ಪೂರ್ತಿ ಸರಿಯಲ್ಲ.

ಲೆಕ್ಕಿಗ (ಉತ್ತರ):

ಷರತ್ತುಗಳು ಸರಿ. ಆದರೆ ಪತ್ರದ ಜೊತೆಗೆ ಹಣ ಬರಲಿಲ್ಲವಲ್ಲ? ರಾಜ್ಯದ ಹೆಸರಿಗೆ ಖಾತೆ ಬದಲಾದದ್ದು 2005ರಲ್ಲಿ. ರಾಜ್ಯದ ಬಜೆಟ್ಟಿನಲ್ಲಿ ಇದಕ್ಕೆಂದು 90 ಲಕ್ಷ ಡಾಲರಿಗೂ ಹೆಚ್ಚು ಹಣ ಸಿಕ್ಕಿದ್ದು 2019ರಲ್ಲಿ, ಗೋಪುರದ ಕೆಲಸ ಶುರುವಾದದ್ದು 2024ರಲ್ಲಿ. ನಡುವಿನ ಅಷ್ಟೂ ವರ್ಷ ಉಪ್ಪುಗಾಳಿ ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ. ಮುರಿದ ಕಟ್ಟಡವನ್ನು ದುರಸ್ತಿಯ ಹಣವಿಲ್ಲದೆ ದಾಟಿಸುವುದು, ಸಾಲದ ಸಮೇತ ಮನೆಯನ್ನು ಮಗನ ಹೆಸರಿಗೆ ಬರೆದಂತೆ. ಹಸ್ತಾಂತರವನ್ನು ನಾನು ವಿರೋಧಿಸುತ್ತಿಲ್ಲ. ಆ ದಿನವೇ ದುರಸ್ತಿಯ ಅಂದಾಜು ಮತ್ತು ಅದರಲ್ಲಿ ಒಕ್ಕೂಟದ ಪಾಲು ಎರಡನ್ನೂ ಬರೆದಿಡಬೇಕಿತ್ತು ಎನ್ನುತ್ತೇನೆ.

ಸುಣ್ಣಗಾರೆ (ಉತ್ತರ):

ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ವೃತ್ತಿಯಾದ್ದರಿಂದ ಕಟ್ಟಡದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಈ ಗೋಪುರ ಇಟ್ಟಿಗೆಯದು; ತಲೆಯ ಭಾಗದಲ್ಲಿ ಮಾತ್ರ ಇಟ್ಟಿಗೆಗೆ ಕಬ್ಬಿಣ ಜೋಡಿಸಿ ಕಟ್ಟಲಾಗಿದೆ. ಕಬ್ಬಿಣ ತುಕ್ಕಾದಾಗ ಅದು ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಹೀಗಾಗಿ ಒಳಗಿನಿಂದಲೇ ಇಟ್ಟಿಗೆಯನ್ನು ತಳ್ಳಿ ಒಡೆಯುತ್ತದೆ. ಹೊರಗೆ ಬಣ್ಣ ಬಳಿದು ಇದನ್ನು ತಡೆಯಲಾಗದು. ಭಾಗಗಳನ್ನು ಬಿಚ್ಚಬೇಕು, ಉಳಿಯುವಂಥದ್ದನ್ನು ಉಳಿಸಬೇಕು, ಉಳಿಯದಿದ್ದುದನ್ನು ಹಳೆಯದರ ಅಚ್ಚಿನಂತೆಯೇ ಹೊಸದಾಗಿ ಎರಕ ಹೊಯ್ಯಿಸಬೇಕು. ಮೇಲೆ ಹೇಳಿದ ಮಾನದಂಡಗಳು ಬೇಡುವುದೂ ಇದನ್ನೇ: ಸಾಧ್ಯವಾದಲ್ಲಿ ದುರಸ್ತಿ, ಆಗದಿದ್ದಲ್ಲಿ ಮಾತ್ರ ಹಳೆಯದಕ್ಕೆ ಹೊಂದುವ ಬದಲಿ. ಇದು ದುಬಾರಿ, ನಿಧಾನ.

ಈಗ ಕೋಸ್ಟ್ ಗಾರ್ಡಿನ ಜಾಗದಲ್ಲಿ ನಿಂತು ನೋಡಿ. 1872ರ ನವೆಂಬರಿನಲ್ಲಿ ಇಲ್ಲಿ ಮೊದಲ ಬಾರಿ ಉರಿದ ದೀಪದ ಸುತ್ತ ಪ್ಯಾರಿಸಿನಲ್ಲಿ ತಯಾರಾದ, 16 ಅಡಿ ಎತ್ತರದ, ಬೆಳಕನ್ನು ಒಗ್ಗೂಡಿಸಿ ದೂರಕ್ಕೆ ಕಳಿಸುವ, 1,008 ಗಾಜಿನ ತುಣುಕುಗಳ ಫ್ರೆನೆಲ್ ಮಸೂರವಿತ್ತು. ಸರಿಯಾಗಿ ನೂರು ವರ್ಷಕ್ಕೆ, 1972ರಲ್ಲಿ, ಹೊರಗಿನ ಮೊಗಸಾಲೆಯಲ್ಲಿ ಚಿಕ್ಕದೊಂದು ವಿದ್ಯುದ್ದೀಪ ಅದರ ಕೆಲಸವನ್ನು ವಹಿಸಿಕೊಂಡಿತು. ಅಂದಿನಿಂದ ಹಡಗುಗಳಿಗೆ ಬೇಕಾದದ್ದು ಆ ಚಿಕ್ಕ ದೀಪ. ಅದನ್ನು ಒಂದು ಕಂಬದ ಮೇಲಿಟ್ಟರೂ ನಡೆದೀತು. ಸಮುದ್ರದಲ್ಲಿ ಜೀವ ಉಳಿಸುವುದಕ್ಕೆ ಸಿಗುವ ಹಣದಲ್ಲಿ ಇಟ್ಟಿಗೆ ಉಳಿಸಿ ಎಂದು ಆ ಇಲಾಖೆಯನ್ನು ಕೇಳುವುದು ಕಷ್ಟ. ಉದ್ಯಾನ ಇಲಾಖೆಗಾದರೋ ಗೋಪುರವೇ ಕಾರ್ಯದ ಗುರಿ. ಲೆಕ್ಕಿಗರು ಹೇಳಿದ ವಿಳಂಬವನ್ನು ಒಪ್ಪುತ್ತೇನೆ, ಆದರೆ ಆ ಅವಧಿ ಬರಿದಾಗಿ ಕಳೆಯಲಿಲ್ಲ. 2011ರಲ್ಲಿ ಮಸೂರವನ್ನು ಬಿಚ್ಚಿ ಇಳಿಸಿ ಮಂಜು ಕವಿದಾಗ ಹಡಗುಗಳಿಗೆ ಸದ್ದಿನಿಂದ ಎಚ್ಚರಿಕೆ ಕೊಡಲೆಂದಿದ್ದ ಪಕ್ಕದ ಮಂಜುಸೂಚಕ ಕಟ್ಟಡದಲ್ಲಿ ಜೋಡಿಸಿಟ್ಟರು. ಅದೇ ಆವರಣದಲ್ಲಿ ಯಾತ್ರಿಕರ ತಂಗುಮನೆ ನಡೆಯಿತು. ಇದಕ್ಕೂ ಮೊದಲು, 2000ದ ಸುಮಾರಿಗೆ, ಪಕ್ಕದ ಕಡಲಂಚಿನಲ್ಲಿ ಏಳುತ್ತಿದ್ದ ಹೋಟೆಲಿನ ಜಾಗವನ್ನು ಭೂಸಂರಕ್ಷಣೆಯ ಸಂಸ್ಥೆಯೊಂದು ಕೊಂಡು ಕಟ್ಟಡಗಳನ್ನು ತೆಗೆಸಿತ್ತು. ಗೋಪುರ ಇಂದಿಗೂ ಒಂಟಿಯಾಗಿ ಆಕಾಶಕ್ಕೆ ಎದುರಾಗಿ ಕಾಣುವುದಕ್ಕೆ ಅದೇ ಕಾರಣ.

ಕಡಲತಡಿ:

ವಿವರಗಳಿಗೆ ಧನ್ಯವಾದಗಳು. ಬೇಲಿಯ ಪಕ್ಕದ ಆ ಕಟ್ಟಡದೊಳಗೆ ನಾವೂ ಹೋಗಿದ್ದೆವು. ಮಸೂರ ಕಣ್ಣಿನ ಮಟ್ಟದಲ್ಲೇ ಇತ್ತು. ತಾಯಿ ಅದರ ಸುತ್ತ ಎರಡು ಸುತ್ತು ಬಂದರು. ಗೋಪುರದ ಮೇಲೆಯೇ ಉಳಿದಿದ್ದರೆ ಮಂಡಿನೋವಿರುವ ಅವರು ಅದನ್ನು ನೋಡುತ್ತಲೇ ಇರಲಿಲ್ಲ. ಒಂದು ಉಪಪ್ರಶ್ನೆ: ಕಾಪುವಿನ 1901ರ ದೀಪಸ್ತಂಭವನ್ನು ಇದೇ ರೀತಿ ಕರ್ನಾಟಕ ಸರ್ಕಾರ ಕೇಳಿ ಪಡೆಯಬಹುದೇ?

ದಸ್ತಾವೇಜು:

ಸಂವಿಧಾನದ ಏಳನೇ ಅನುಸೂಚಿಯಲ್ಲಿ, ಕೇಂದ್ರಪಟ್ಟಿಯ 26ನೇ ನಮೂದಿನಲ್ಲಿ, ದೀಪಸ್ತಂಭಗಳಿವೆ. ಹಾಗಾಗಿ ಅದು ಕೇಂದ್ರದ ವಿಷಯ, ಮತ್ತು ಕಾಪುವಿನ ದೀಪ ಇಂದಿಗೂ ಕೇಂದ್ರದ ದೀಪಸ್ತಂಭ ನಿರ್ದೇಶನಾಲಯದ ಕೈಯಲ್ಲಿ ಉರಿಯುತ್ತಿದೆ. ಅಮೆರಿಕದ ಕಾಯಿದೆ ಅನ್ವಯಿಸುವುದು ಇಲಾಖೆ ತನಗೆ ಬೇಡವೆಂದು ಹೇಳಿದ ದೀಪಸ್ತಂಭಗಳಿಗೆ. ಕಾಪುವಿನಲ್ಲಿ ಆ ಮಾತನ್ನು ಇನ್ನೂ ಯಾರೂ ಹೇಳಿಲ್ಲ; ನಿಮ್ಮ ತಂದೆಯವರು ಮುಂದಿನ ಸಲವೂ ಅಲ್ಲಿ ಮೆಟ್ಟಿಲು ಹತ್ತಬಹುದು.