ಮಕ್ಕಳ ಜೊತೆ ದೊಡ್ಡವರೂ ಕಲಿಯುವ ಹೊರಗಿನ ಪಾಠ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರ ಅನುಭವ

ಕೇಳಿದವರು, ಕಲಬುರಗಿ

ನಮ್ಮ ಬಡಾವಣೆಯ ಕೆಲವು ಮನೆಯವರು ಸೇರಿ ಭಾನುವಾರ ಹೊರಗೆ ಹೋಗಿ ಗಿಡ, ಹಕ್ಕಿ, ಮಣ್ಣಿನ ಬಗ್ಗೆ ಕಲಿಯೋಣ ಅಂದುಕೊಂಡಿದ್ದೇವೆ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಕಲಿಯಬೇಕು. ಇಂಥ ಶಿಬಿರಗಳ ಸುದ್ದಿ ಬರೋದೆಲ್ಲ ಬೆಂಗಳೂರು, ಮೈಸೂರಿನಿಂದ. ನಮ್ಮ ಕಡೆ ಯಾರಾದರೂ ಮಾಡಿದ್ದೀರಾ? ಎಲ್ಲಿ, ಯಾವಾಗ, ಹೇಗೆ? ಹಾವಿನ ಭಯವೂ ಇದೆ.

ಕಲಬುರಗಿಯ ಒಬ್ಬ ತಾಯಿ

ಮಾಡಿದ್ದೇವೆ ಅಕ್ಕಾ, ಈಗಲೂ ನಡೆದಿದೆ. ದೂರದ ಕಾಡಿನಿಂದ ಶುರು ಮಾಡಬೇಡಿ. ಮನೆಗೆ ಹತ್ತಿರದ ಒಂದೇ ಜಾಗ ಹಿಡಿಯಿರಿ, ವರ್ಷವಿಡೀ ಅಲ್ಲಿಗೇ ಹೋಗಿ.

ನಾವು ಊರ ಹೊರಗಿನ ಒಂದು ಹಳ್ಳದ ದಂಡೆ ಹಿಡಿದೆವು. ಅಲ್ಲೊಂದು ಹಳೇ ಬಾವಿ, ಅದರ ಮೇಲೆ ಬಾಗಿದ ಜಾಲಿ ಗಿಡ. ಮಳೆಗಾಲದಲ್ಲಿ ಗೀಜಗ ಅದರಲ್ಲಿ ಗೂಡು ಹೆಣೆಯುತ್ತದೆ. ಗಂಡು ಅರ್ಧ ಗೂಡು ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆಯೇ ಗೂಡು ಪೂರ್ತಿ ಆಗುವುದು. ಒಪ್ಪದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ದಿನ ಹೋಗಿ ಬಂದವರಿಗೆ ಇದು ಕಾಣಿಸದು. ವಾರ ವಾರ ಹೋದರೆ ಕಣ್ಣೆದುರೇ ನಡೆಯುತ್ತದೆ.

ಮಣ್ಣೂ ಹಾಗೇ. ನಮ್ಮ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿಗೆ ಮಕ್ಕಳಿಂದ ಕಡ್ಡಿ ಇಳಿಸಿ ಆಳ ಅಳೆಸಿ. ಮಳೆ ಬಂದ ಮೇಲೆ ಅದೇ ಜಾಗಕ್ಕೆ ಕರೆದೊಯ್ಯಿರಿ, ಬಿರುಕು ಮುಚ್ಚಿರುತ್ತದೆ.

ದೊಡ್ಡವರಿಗೂ ಕೆಲಸ ಕೊಡಿ. ಇದು ತುಂಬಾ ಮುಖ್ಯ. ಕೆಲಸ ಇಲ್ಲದಿದ್ದರೆ ಅವರು ಬರೇ ಮಕ್ಕಳನ್ನು ಕಾಯಲು ಬಂದವರಾಗಿ ಉಳಿಯುತ್ತಾರೆ. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಗಿಡ ಹಂಚಿದೆವು: ಬೇವು, ಹುಣಸೆ, ಮುತ್ತುಗ, ಬನ್ನಿ. ಎಲೆ ಯಾವಾಗ ಉದುರಿತು, ಹೂ ಯಾವಾಗ ಬಂತು, ಯಾವ ಹಕ್ಕಿ ಕೂತಿತ್ತು ಅಂತ ಮನೆಯವರೆಲ್ಲ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೂ ಬಿಟ್ಟ ಮುತ್ತುಗದ ಕೆಳಗೆ ನಮ್ಮ ಮನೆಯವರು ಮಕ್ಕಳಿಗಿಂತ ಜಾಸ್ತಿ ಹೊತ್ತು ನಿಂತಿದ್ದರು.

ಎಳ್ಳ ಅಮಾವಾಸ್ಯೆಯನ್ನು ಬಿಡಬೇಡಿ. ಇಡೀ ಮನೆ ಹೊಲಕ್ಕೆ ಹೋಗುವ ದಿನ ನಮ್ಮಲ್ಲಿ ಮೊದಲಿನಿಂದಲೂ ಇದೆ ಅಲ್ವಾ? ಚರಗ ಚೆಲ್ಲಿ (ಭೂಮಿತಾಯಿಗೆ ನೈವೇದ್ಯ ಎರಚಿ), ಸಜ್ಜೆ ಕಡುಬು, ಕಾಳು-ಸೊಪ್ಪಿನ ಭಜ್ಜಿ ಪಲ್ಯ, ಅಂಬಲಿ ಊಟ ಮಾಡಿ ಬರುವ ಮುಂಚೆ, ಭಜ್ಜಿಗೆ ಏನೇನು ಹಾಕಿದ್ದೀರಿ ಅಂತ ಅಜ್ಜಿಯನ್ನು ಕೇಳಿ. ಹಸಿ ಕಡಲೆ, ತೊಗರಿ, ಅವರೆ, ಸೊಪ್ಪು ಅಂತ ಹೇಳುತ್ತಾ ಹೋಗುತ್ತಾರೆ. ಒಂದೊಂದನ್ನೂ ಹೊಲದಲ್ಲಿ ಹುಡುಕಿಸಿ. ಬದುವಿನ ಯಾವ ಸೊಪ್ಪು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ.

ಹೊತ್ತಿನ ಬಗ್ಗೆ: ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಮನೆ ಸೇರಿ. ಮಳೆ ಶುರುವಾದ ಮೇಲೆ ರಾತ್ರಿ ಮಾಳಿಗೆಯಲ್ಲಿ ಬಿಳಿ ಪಂಚೆ ಕಟ್ಟಿ, ಹಿಂದೆ ಬಲ್ಬ್ ಹಾಕಿ. ಬಂದು ಕೂರುವ ಪತಂಗಗಳನ್ನು ನೋಡುತ್ತಾ ಮಕ್ಕಳು ಮಲಗುವುದೇ ಇಲ್ಲ.

ಬೀದರ್‌ನ ಶಿಕ್ಷಕಿ

ಬೀದರ್‌ಗೆ ಬನ್ನಿ. ನಿಮ್ಮ ಕಪ್ಪು ಮಣ್ಣು ಬಿಟ್ಟು ಇಲ್ಲಿಯ ಕೆಂಪು ಮುರ ಕಲ್ಲಿನ ಮೇಲೆ ಕಾಲಿಟ್ಟರೆ ಅದೇ ಮೊದಲ ಪಾಠ. ಈ ಕಲ್ಲಿನಲ್ಲಿ ತೂತು ಜಾಸ್ತಿ. ಮಳೆ ನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. 15ನೇ ಶತಮಾನದಲ್ಲಿ ಬಹಮನಿಗಳ ಕಾಲದವರು ಇದನ್ನು ತಿಳಿದುಕೊಂಡೇ ನೌಬಾದ್‌ನ ಕರೇಜ್ ತೋಡಿದರು. ನೆಲದಡಿಯ ಕಾಲುವೆ ಸ್ವಲ್ಪವೇ ಇಳಿಜಾರಾಗಿ ಸಾಗುತ್ತದೆ, ನೀರು ತಾನಾಗಿ ಹರಿಯುತ್ತದೆ. ಮೇಲೆ ಸಾಲಾಗಿ ಬಾವಿಯಂಥ ಕಂಡಿಗಳು. ನಾನು ಪಾಲಕರಿಗೆ ಒಂದು ಕುಂಡ, ಮುರ ಕಲ್ಲಿನ ಚೂರು, ತಳಕ್ಕೆ ಜೇಡಿಮಣ್ಣು ಕೊಟ್ಟು ನೀರು ಹಾಕಲು ಹೇಳುತ್ತೇನೆ. ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಿದವರಿಗೆ ಕರೇಜ್ ತಾನೇ ಅರ್ಥವಾಗುತ್ತದೆ. ಕಂಡಿಗಳ ಹತ್ತಿರ ಮಕ್ಕಳ ಕೈ ಮಾತ್ರ ಬಿಡಬೇಡಿ.

ಹೊನ್ನಿಕೇರಿ ಕಡೆ ಬೆಳಿಗ್ಗೆ ಹೋದರೆ ಚಿಗರಿ (ಕೃಷ್ಣಮೃಗ) ಹಿಂಡು ಕಾಣಬಹುದು. ಗಾಡಿಯಲ್ಲಿ ಬೆನ್ನಟ್ಟಬೇಡಿ. ದೂರ ನಿಂತು, ಗಂಡು ಯಾವುದು, ಮರಿ ಯಾವುದು ಅಂತ ಗುರುತಿಸಿ.

ಸುರಪುರ ಕಡೆಯವರು

ಚಳಿಗಾಲದಲ್ಲಿ ಬೋನಾಳ ಕೆರೆಗೆ ಬನ್ನಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿರುತ್ತವೆ. ಮಕ್ಕಳಿಗೆ ಒಂದು ಭೂಪಟ ತನ್ನಿ, ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಎಲ್ಲಾದರೂ ಸರಿ, ಕನಿಷ್ಠ 15 ನಿಮಿಷ ಹಕ್ಕಿ ಎಣಿಸಿ ಇಬರ್ಡ್ ಆ್ಯಪ್‌ಗೆ ಹಾಕಬೇಕು. ದುಡ್ಡು ಬೇಡ, ನಿಮ್ಮ ಮಾಳಿಗೆಯಿಂದಲೂ ಆಗುತ್ತದೆ.

ಚಿಂಚೋಳಿಯಿಂದ

ಕೆಲವು ತಿಂಗಳು ಹತ್ತಿರದಲ್ಲೇ ತಿರುಗಾಡಿದ ಮೇಲೆ ನಮ್ಮ ಕಾಡಿಗೆ ಬನ್ನಿ ಅಕ್ಕಾರೆ. 2011ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 135 ಚದರ ಕಿಲೋಮೀಟರ್. ಗುಂಪಾಗಿ ಬರುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ, ಸಿಬ್ಬಂದಿಯ ಜೊತೆಗೇ ನಡೆಯಿರಿ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಸುಮ್ನೆ ಕೂತರೂ ಬೇಕಾದಷ್ಟು ನೋಡಬಹುದು. ಸ್ಪೀಕರ್ ಬೇಡ.

ಹಾವಿನ ಮಾತು ಕೇಳಿದ್ದಿರಿ. ಎಲ್ಲರೂ ಪಾದ ಮುಚ್ಚುವ ಬೂಟು ಹಾಕಲಿ. ಕಲ್ಲು ಎತ್ತುವ, ಬಿಲಕ್ಕೆ ಕೈ ಹಾಕುವ ಆಟ ಬೇಡ. ಕಲ್ಲು ನೆಲದಲ್ಲಿ ಉರಿಮಂಡಲ ಇರುತ್ತದೆ, ಸಣ್ಣದು, ಮಣ್ಣಿನ ಬಣ್ಣ, ಬೇಗ ಕಾಣುವುದಿಲ್ಲ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈ ಕಾಲು ಅಲುಗಾಡದಂತೆ ಇಟ್ಟು, ನಡೆಸದೆ, ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಹೊರಡುವ ಮುಂಚೆಯೇ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ, ಹಾವಿನ ವಿಷಕ್ಕೆ ಔಷಧ ಇದೆಯಾ ಅಂತ ಕೇಳಿ, ಆ ನಂಬರ್ ಎಲ್ಲರ ಫೋನಿನಲ್ಲೂ ಇರಲಿ.