ಲೋಂಗೆವಾಲಾಕ್ಕೆ ವಿಮಾನಗಳು ರಾತ್ರಿಯೇ ಯಾಕೆ ಬರಲಿಲ್ಲ?

ಕುಂಬಳೆಯವ:
ನಮ್ಮೂರ ವಾಚನಾಲಯದಲ್ಲಿ 1971ರ ಯುದ್ಧದ ಮಾತು ಬಂತು. ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ರಾಜಸ್ಥಾನದ ಮರುಭೂಮಿಯ ಗಡಿಯಲ್ಲಿರುವ ಲೋಂಗೆವಾಲಾ ಠಾಣೆಯ ಮೇಲೆ ಬಂದಾಗ ಅಲ್ಲಿದ್ದದ್ದು 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಅಂದರೆ ಸಣ್ಣ ಸೇನಾ ತುಕಡಿ ಅಷ್ಟೇ. ಜೈಸಲ್ಮೇರಿನಲ್ಲಿ ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನಗಳಿದ್ದವಲ್ವಾ, ಬೆಳಗಿನವರೆಗೆ ಯಾಕೆ ಕಾದರು? ಮತ್ತೆ, ಮೇಲಿನಿಂದ ನಮ್ಮವರು ಯಾರು, ಅವರು ಯಾರು ಅಂತ ಗೊತ್ತಾಗುವುದು ಹೇಗೆ?

ಮಂಜೇಶ್ವರ ಓದುಗ:
ಹಂಟರಿಗೆ ಕತ್ತಲಲ್ಲಿ ನೆಲದ ಗುರಿ ಹುಡುಕುವ ಸಲಕರಣೆ ಇರಲಿಲ್ಲ. 5ರಂದು ಬೆಳಕು ಹರಿದ ಕೂಡಲೇ ಬಂದವು, ರಾಕೆಟ್ ಹೊಡೆದವು, 30 ಮಿ.ಮೀ. ಗುಂಡು ಸುರಿಸಿದವು. ಮರಳಲ್ಲಿ ಟ್ಯಾಂಕಿಗೆ ಅಡಗಲು ಮರೆಯೇ ಇಲ್ಲ, ಅವರ ಕಡೆ ಕಾಯುವ ವಿಮಾನವೂ ಇರಲಿಲ್ಲ. ಆದರೆ ರಾತ್ರಿಯಿಡೀ ಠಾಣೆ ಬಿಡದೆ ನಿಂತವರು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಮತ್ತು ಅವರ ಜವಾನರು. ಅದನ್ನು ಬಿಟ್ಟು ಎಲ್ಲಾ ವಿಮಾನದ್ದೇ ಗೆಲುವು ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಬದಿಯಡ್ಕದಿಂದ:
ಎರಡನೇ ಪ್ರಶ್ನೆಗೆ: ಗುರಿ ತೋರಿಸಲು ಒಬ್ಬ ಅಧಿಕಾರಿ ಬೇಕು, ನೆಲದಲ್ಲೋ ಸಣ್ಣ ವಿಮಾನದಲ್ಲೋ. ಲೋಂಗೆವಾಲಾದಲ್ಲಿ ಮೇಜರ್ ಆತ್ಮಾ ಸಿಂಗ್ ನಿಧಾನವಾಗಿ ಹಾರುವ ಕೃಷಕ್ ವಿಮಾನದಿಂದ ಹಂಟರ್ ಪೈಲಟ್‌ಗಳಿಗೆ ರೇಡಿಯೊದಲ್ಲಿ ದಾರಿ ಹೇಳಿದರು. ಎಂಥ ಧೈರ್ಯ ನೋಡಿ!

ಕುಂಬಳೆಯವ:
ತುಂಬಾ ಉಪಕಾರ. ಕಾರ್ಗಿಲ್‌ನಲ್ಲೂ ಹೀಗೇನಾ?

ಬದಿಯಡ್ಕದಿಂದ:
ಅಲ್ಲಿ ಜಾಸ್ತಿ ಕಷ್ಟ. ಶತ್ರು ಶಿಖರದ ಮೇಲೆ, ಗಾಳಿ ತೆಳು, ಬಾಂಬ್ ಲೆಕ್ಕ ತಪ್ಪುತ್ತದೆ. 1999ರ ಮೇ 28ರಂದು ಮಿ-17 ಹೆಲಿಕಾಪ್ಟರನ್ನು ಕ್ಷಿಪಣಿ ಉರುಳಿಸಿತು, ಒಳಗಿದ್ದ ನಾಲ್ವರೂ ಹೋದರು. ಆಮೇಲೆ ಮಿರಾಜ್ 2000 ಯುದ್ಧವಿಮಾನ ಎತ್ತರದಿಂದಲೇ ಟೈಗರ್ ಹಿಲ್ ಶಿಖರದ ಮೇಲೆ ಲೇಸರ್ ಬಾಂಬ್ (ಲೇಸರ್ ಕಿರಣ ತೋರಿಸಿದ ಗುರಿಗೇ ಹೋಗುವ ಬಾಂಬ್) ಹಾಕಿತು. ಇಷ್ಟೆಲ್ಲಾ ಮಾಡುವಾಗಲೂ ನಿಯಂತ್ರಣ ರೇಖೆ ದಾಟಬಾರದು ಅನ್ನುವ ಆದೇಶವಿತ್ತು.